ದೀಪ ದೊಡ್ಡದು ಮಾಡಿ

ನಿನ್ನೆ ಸಂಜೆ ಕರೆಂಟು ಹೋಗಿತ್ತು. ಗಿರಿಜಾ ಹಿತ್ತಾಳೆಯ ಪುಟ್ಟ ದೀಪವೊಂದನ್ನು ಹಚ್ಚಿ ತಂದು ನಡುಮನೆಯ ಸ್ಟೂಲಿನ ಮೇಲೆ ಇಟ್ಟು ಹೋದಳು. ಹತ್ತು ನಿಮಿಷಕ್ಕೆಲ್ಲ ಕರೆಂಟು ಬಂತು. ಬಂದ ಕೂಡಲೇ ಅಡುಗೆಮನೆಯಿಂದ ಅವಳ ಕೂಗು:

"ರೀ, ಆ ದೀಪ ದೊಡ್ಡದು ಮಾಡಿ!"

ನನ್ನ ಕೈ ದೀಪದವರೆಗೆ ಹೋಗಿ ಅಲ್ಲೇ ನಿಂತುಬಿಟ್ಟಿತು. ಮದುವೆಯಾದ ದಿನದಿಂದ ಆಕೆ ಹೀಗೇ ಹೇಳುತ್ತಿದ್ದಾಳೆ. ಆದರೂ ಆಷಾಢದ ಒಂದು ಮಧ್ಯಾಹ್ನದ ನಂತರ, ಆ ನಾಲ್ಕು ಮಾತು ಕಿವಿಗೆ ಬಿದ್ದಾಗಲೆಲ್ಲ ನಾನು ಹೀಗೆ ತಡೆದು ನಿಲ್ಲುತ್ತೇನೆ.

ನೀವು ನಮ್ಮ ಕಡೆಯವರೇ ಆಗಿದ್ದರೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲದಿದ್ದರೆ ಕೇಳಿ. ದೀಪವನ್ನು ಆರಿಸು ಅನ್ನುವುದು ನಮ್ಮಲ್ಲಿ ಅಪಶಕುನದ ಮಾತು. ಆದ್ದರಿಂದ ಆರಿಸಬೇಕಾದಾಗ 'ದೊಡ್ಡದು ಮಾಡು' ಅನ್ನುತ್ತೇವೆ. ನಮ್ಮಜ್ಜಿಯಂತೂ ಇಂಥ ತಿರುಗುಮುರುಗು ಭಾಷೆಯಲ್ಲೇ ಸಂಸಾರ ನಡೆಸಿದವಳು. ಡಬ್ಬದಲ್ಲಿ ಅಕ್ಕಿ ಮುಗಿದರೆ 'ಅಕ್ಕಿ ತುಂಬಿದೆ' ಅನ್ನುವಳು. ಹೊರಗೆ ಹೊರಟವರು 'ಹೋಗ್ತೀನಿ' ಅಂದರೆ ಬಾಗಿಲಿಗೆ ಅಡ್ಡ ನಿಂತು 'ಬರ್ತೀನಿ' ಅನ್ನಿಸಿಯೇ ಕಳಿಸುವಳು. ಯಾರಾದರೂ ಬಾಯಿತಪ್ಪಿ ಕೆಟ್ಟ ಮಾತು ಆಡಿದರೆ, 'ಬಿಡ್ತು ಅನ್ನು, ಬಿಡ್ತು ಅನ್ನು' ಎಂದು ಅವರ ಬಾಯಿಂದಲೇ ಅದನ್ನು ವಾಪಸು ತೆಗೆಸುವಳು. ಅಜ್ಜಿಯ ಲೆಕ್ಕದಲ್ಲಿ ಮಾತು ಅಂದರೆ ಬೆಂಕಿಕಡ್ಡಿ ಇದ್ದಹಾಗೆ. ಗೀರಿದ ಮೇಲೆ ಅದು ಯಾರದ್ದೂ ಅಲ್ಲ.

ನಾವಿದ್ದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ನನಗೆ ಆರು ವರ್ಷವಿದ್ದಾಗ ಒಂದು ಬೆಳಗ್ಗೆ ಅಜ್ಜಿ ಎರಡೂ ಕೈಯಲ್ಲಿ ಹಿಟ್ಟು ಮಾಡಿಕೊಂಡು ಕೂತವಳು, "ಮಗಾ, ದೇವರ ದೀಪ ದೊಡ್ಡದು ಮಾಡಿ ಬಾರೋ" ಎಂದಳು. ನಾನು ವಿಧೇಯ. ಹೋದೆ. ಬತ್ತಿಯನ್ನು ಕಡ್ಡಿಯಿಂದ ಮೇಲಕ್ಕೆ ಎಳೆದೆ. ಅಷ್ಟಕ್ಕೆ ಸಾಕಷ್ಟು ದೊಡ್ಡದಾಗಲಿಲ್ಲ ಅನ್ನಿಸಿತು. ಎಣ್ಣೆ ಗಿಂಡಿಯನ್ನೇ ಬಗ್ಗಿಸಿದೆ. ಹಬ್ಬಕ್ಕೆ ಕಟ್ಟಿದ್ದ ಬಣ್ಣದ ಕಾಗದದ ತೋರಣ ಹೇಗೆ ಹತ್ತಿಕೊಂಡಿತೋ ನಾನು ಕಾಣೆ. ಶಬ್ದವೊಂದೇ ನೆನಪಿದೆ. ಹೊಸ ಬಟ್ಟೆಯನ್ನು ಯಾರೋ ಸರ್ರನೆ ಹರಿದ ಹಾಗೆ. ಅಜ್ಜಿ ಬಚ್ಚಲ ಬಾಗಿಲಲ್ಲಿ ಕಾಲೊರೆಸಲು ಹಾಕಿದ್ದ ಒದ್ದೆ ಗೋಣಿಚೀಲವನ್ನು ಎತ್ತಿಕೊಂಡು ಬಂದು ಬಡಿದಳು. ದೇವರು, ದೀಪ, ತೋರಣ, ನಾನು, ಎಲ್ಲರಿಗೂ ಒಂದೊಂದು ಏಟು ಬಿತ್ತು. ಬೆಂಕಿ ಆರಿತು. ನನ್ನ ಎಡಗೈ ಮಣಿಕಟ್ಟಿನ ಮೇಲೆ ಹುಣಸೆಬೀಜದಷ್ಟು ಕಲೆ ಉಳಿಯಿತು. ಈಗಲೂ ವಾಚು ಕಟ್ಟಿದರೆ ಅದರ ಕೆಳಗೆ ಮುಚ್ಚಿಕೊಳ್ಳುತ್ತದೆ.

"ದೊಡ್ಡದು ಮಾಡು ಅಂದ್ರೆ ಸಣ್ಣದು ಮಾಡು ಅಂತ ಕಣೋ, ಮಂಕೇ!" ಎಂದು ಅಜ್ಜಿ ಅಳುತ್ತಾ ಹೇಳಿದಳು. ಆಗಲೂ 'ಆರಿಸು' ಎಂಬ ಪದ ಅವಳ ಬಾಯಿಂದ ಬರಲಿಲ್ಲ, ನೋಡಿ.

ಇಷ್ಟೆಲ್ಲ ಆದವನು ಬೆಂಕಿಯಿಂದ ದೂರ ಇರಬೇಕಿತ್ತು. ಆದರೆ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನನ್ನು ಬೆಂಕಿಯಲ್ಲದೆ ಮತ್ತಾರು ಕರೆಯುತ್ತಾರೆ? ಮದುವೆ ಛತ್ರದ ಅಡುಗೆಯವರ ಜೊತೆ ಸೇರಿದೆ. ಮೊದಲ ಕೆಲಸ ಒಲೆ ನೋಡಿಕೊಳ್ಳುವುದು. ಸೌದೆ ಒಟ್ಟುವುದು, ಊದುಗೊಳವೆಯಲ್ಲಿ ಊದುವುದು, ಹುಳಿ ಕುದಿಯುವಾಗ ಕೊಳ್ಳಿಯನ್ನು ಹಿಂದಕ್ಕೆ ಎಳೆಯುವುದು. ಹತ್ತು ವರ್ಷದಲ್ಲಿ ನಾನೇ ಮುಖ್ಯ ಅಡುಗೆಯವನಾದೆ. ಸಾವಿರ ಎಲೆ ಬೀಳುವ ಮದುವೆಯಲ್ಲಿ ಅನ್ನ ಒಂದು ಅಗುಳೂ ಸೀಯದಂತೆ ಇಳಿಸಿದ್ದೇನೆ. ನನ್ನ ಮುಂದೆ ಯಾರೂ ಬೆಂಕಿಯ ವಿಷಯ ಮಾತಾಡಕೂಡದು ಎಂಬ ಜಂಬ ನನಗಿತ್ತು. ಇಲ್ಲ ಎಂದು ಹೇಳುವುದಿಲ್ಲ.

ಹೆಂಡತಿಗೂ ಹೇಳದ ಒಂದು ಗುಟ್ಟನ್ನು ಈಗ ನಿಮಗೆ ಹೇಳುತ್ತೇನೆ. ನನಗೆ ಬೆಂಕಿ ಕಂಡರೆ ಭಯ. ಅಂದೂ ಇತ್ತು, ಇಂದೂ ಇದೆ. ಒಲೆ ಹತ್ತಿಸುವಾಗಲೆಲ್ಲ ಕಡ್ಡಿ ಗೀರುವ ಮೊದಲು ಒಂದು ಸಲ ಬಾಗಿಲು ಎಲ್ಲಿದೆ ಎಂದು ನೋಡಿಕೊಳ್ಳುತ್ತೇನೆ. ಒಂದು ಗೋಣಿಚೀಲ ನೆನೆಸಿ ಪಕ್ಕದಲ್ಲಿ ಇಟ್ಟುಕೊಳ್ಳದೆ ಯಾವ ಛತ್ರದಲ್ಲೂ ಒಲೆ ಹಚ್ಚಿದವನಲ್ಲ. ಜೊತೆಯವರು ಅದನ್ನು ನನ್ನ ಮಡಿ ಅಂದುಕೊಂಡಿದ್ದರು. ನಾನೂ ಹಾಗೆಂದೇ ಇರಲಿ ಎಂದು ಬಿಟ್ಟಿದ್ದೆ.

ಈಗ ನಿಂಜಾಗಳ ವಿಷಯಕ್ಕೆ ಬರುತ್ತೇನೆ. ನಗಬೇಡಿ.

ಸೈಬರ್ ಸೆಂಟರುಗಳು ಬೀದಿಗೊಂದು ಇದ್ದ ಕಾಲವದು. ನಮ್ಮ ಮನೆಯ ಎದುರಿಗೆ ನಾಗರಾಜ ಎಂಬುವನು ಎಂಟು ಕಂಪ್ಯೂಟರ್ ಇಟ್ಟುಕೊಂಡು ಒಂದನ್ನು ನಡೆಸುತ್ತಿದ್ದ. ನನಗಿಂತ ಹನ್ನೆರಡು ವರ್ಷ ಚಿಕ್ಕವನು, 'ಅಣ್ಣಾ' ಎಂದು ಕರೆಯುತ್ತಿದ್ದ. ಆಷಾಢದಲ್ಲಿ ಮದುವೆಗಳಿಲ್ಲ. ಅಡುಗೆಯವನಿಗೆ ಆಷಾಢ ಅಂದರೆ ಬಲವಂತದ ರಜ. ಸುಮ್ಮನೆ ಕೂತರೆ ನನಗೆ ಮೈಯೆಲ್ಲ ತುರಿಕೆ. ಅವನು ಊಟಕ್ಕೆ ಹೋದಾಗ ಅಂಗಡಿ ನೋಡಿಕೊಳ್ಳುವ ನೆಪದಲ್ಲಿ ಹೋಗಿ ಕೂರುತ್ತಿದ್ದೆ. ಕೂತು ಕೂತು, ಕಂಪ್ಯೂಟರಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಹೊಡೆಯುವುದನ್ನು ಕಲಿತೆ.

ನಾಗರಾಜ ತನ್ನಂಥವರನ್ನೇ ಒಂದಷ್ಟು ಜನರನ್ನು ಸೇರಿಸಿ ಇಂಟರ್ನೆಟ್ಟಿನಲ್ಲಿ ಒಂದು ಆಟ ಕಟ್ಟಿದ್ದ. ಅದಕ್ಕೆ 'ಪಂಚಭೂತ' ಎಂದು ಹೆಸರು. ಚಿತ್ರವಿಲ್ಲ, ಶಬ್ದವಿಲ್ಲ, ಬರೀ ಬರಹ. ಒಂದು ಕಲ್ಪನೆಯ ಊರು. ಅಲ್ಲಿ ಕಪ್ಪು ಮುಸುಕು ಹಾಕಿದ ಜಪಾನಿ ನಿಂಜಾಗಳು. ಆಡುವವರೆಲ್ಲ ತಮಗೊಂದು ನಿಂಜಾ ಹೆಸರಿಟ್ಟುಕೊಂಡು, ಆ ನಿಂಜಾ ಏನು ಮಾಡಿದ ಎಂದು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು. ನೀರು, ಗಾಳಿ, ಮಣ್ಣು, ಸಿಡಿಲು, ಬೆಂಕಿ, ಹೀಗೆ ಐದು ವಿದ್ಯೆ. ಒಂದೊಂದಕ್ಕೂ ಒಬ್ಬ ಗುರು. ಗುರು ಪಾಠ ಬರೆದು ಹಾಕುತ್ತಾನೆ. ಶಿಷ್ಯರು ಆ ವಿದ್ಯೆಯನ್ನು ಹೇಗೆ ಅಭ್ಯಾಸ ಮಾಡಿದೆವು ಎಂದು ಬರೆಯುತ್ತಾರೆ. ಚೆನ್ನಾಗಿದ್ದರೆ ಪಾಸು, ಮುಂದಿನ ಪಾಠ.

ಒಂದು ದಿನ ನಾಗರಾಜ ತಲೆ ಮೇಲೆ ಕೈಹೊತ್ತು ಕೂತಿದ್ದ.

"ಬೆಂಕಿ ಗುರು ಕೈಕೊಟ್ಟ ಅಣ್ಣಾ. ಬಾಯಿಂದ ಬೆಂಕಿ ಡ್ರ್ಯಾಗನ್ ಬಿಟ್ಟ, ಬೆಟ್ಟ ಸುಟ್ಟ ಅಂತ ಬರೀತಿದ್ದ. ಅದನ್ನೂ ಬಿಟ್ಟು ಹೋದ."

"ತೋರಿಸು ನೋಡೋಣ" ಎಂದು ಆ ಗುರು ಬರೆದದ್ದನ್ನು ಓದಿಸಿಕೊಂಡೆ. ಕೇಳುತ್ತಾ ಕೇಳುತ್ತಾ ಮೈ ಉರಿಯಿತು. "ಇವನು ಜನ್ಮದಲ್ಲಿ ಒಂದು ಒಲೆ ಹಚ್ಚಿದಾನಾ? ಹಸಿ ಮರಕ್ಕೆ ಕಡ್ಡಿ ಗೀರಿದ ಕೂಡ್ಲೆ ಹತ್ತಿಬಿಡುತ್ತಾ? ಹೊಗೆ ಎಲ್ಲೋಯ್ತು? ಕಣ್ಣಲ್ಲಿ ನೀರು ಬರ್ಲಿಲ್ವಾ ಈ ನಿಂಜಾಗೆ?"

ನಾಗರಾಜ ನನ್ನನ್ನೇ ನೋಡಿದ. "ಅಣ್ಣಾ, ನೀವೇ ಯಾಕೆ ಗುರು ಆಗ್ಬಾರ್ದು?"

ನಾನು ಬೇಡ ಬೇಡ ಎಂದೆ. ಮೂರನೇ ಸಲ ಬೇಡ ಎನ್ನುವಾಗಲೇ ಗುಂಡಿಗಳ ಮೇಲೆ ಬೆರಳಿಟ್ಟಿದ್ದೆ. ಶಾಲೆಯ ಬೆಂಚಿನಿಂದ ಎದ್ದು ಬಂದವನಿಗೆ ಗುರುಪೀಠ ಕೊಟ್ಟರೆ ಬಿಡುತ್ತಾನೆಯೇ? ಆದರೆ ಅಲ್ಲೂ ಒಂದು ಭಯ. ಓದುವವರೆಲ್ಲ ಕಾಲೇಜು ಮೆಟ್ಟಿಲು ಹತ್ತಿದವರು. ಒಂದು ಅಕ್ಷರ ತಪ್ಪಿದರೂ ನನ್ನ ಏಳನೇ ಕ್ಲಾಸು ಗೊತ್ತಾಗಿಬಿಡುತ್ತದೆಂದು ಪ್ರತಿ ಸಾಲನ್ನೂ ನಾಲ್ಕು ಸಲ ಓದಿ ಕಳಿಸುತ್ತಿದ್ದೆ.

ನನ್ನ ಮೊದಲನೇ ಪಾಠ ಇಷ್ಟೇ: 'ಬೆಂಕಿ ಹಚ್ಚುವ ಮೊದಲು ಒಂದು ಗೋಣಿಚೀಲ ನೆನೆಸಿ ಎಡಗೈ ಪಕ್ಕದಲ್ಲಿ ಇಟ್ಟುಕೊಳ್ಳಿ. ಇಟ್ಟುಕೊಳ್ಳದವನು ನನ್ನ ಶಿಷ್ಯನಲ್ಲ.'

ಶಿಷ್ಯರು ಬಿದ್ದು ಬಿದ್ದು ನಕ್ಕರು. ನಾಗರಾಜನಿಗೂ ಇರುಸುಮುರುಸು. "ಅಣ್ಣಾ, ನಿಂಜಾ ಸೊಂಟಕ್ಕೆ ಕತ್ತಿ ಕಟ್ಕೋತಾನೆ, ಗೋಣಿಚೀಲ ಅಲ್ಲ. ಒಂಚೂರು ಗತ್ತು ಬೇಡ್ವಾ?"

"ಗತ್ತು ಬೇಕಾದ್ರೆ ಸಿಡಿಲಿನ ಗುರು ಹತ್ರ ಹೋಗ್ಲಿ" ಎಂದೆ.

ಆಮೇಲಿನ ಪಾಠಗಳು ಅವರಿಗೆ ರುಚಿಸಿದವು. ಹೊಗೆಯ ಬಣ್ಣ ನೋಡಿ ಸೌದೆ ಹಸಿಯೋ ಒಣಗಿದ್ದೋ ಹೇಳುವುದು. ಕಣ್ಣು ಮುಚ್ಚಿ ಅಂಗೈಯಿಂದ ಕಾವು ಅಳೆಯುವುದು. ನಿಂಜಾ ಉಸಿರು ಬಿಡುವಾಗ ಊದುಗೊಳವೆಯ ಹಾಗೆ ತುಟಿ ಚಿಕ್ಕದು ಮಾಡಬೇಕು, ಇಲ್ಲದಿದ್ದರೆ ಬೂದಿ ಮುಖಕ್ಕೇ ಹಾರುತ್ತದೆ. ಇದನ್ನೆಲ್ಲ ಯಾವ ಗುರುವೂ ಹೇಳಿರಲಿಲ್ಲ. ನನ್ನದು ಇನ್ನೊಂದು ಕಟ್ಟಳೆ: ಸುಮ್ಮನೆ ಕಲ್ಪಿಸಿ ಬರೆಯಬಾರದು. ನಿಜವಾದ ಒಂದು ಜ್ವಾಲೆಯ ಮುಂದೆ ಐದು ನಿಮಿಷ ಕೂತು, ನೋಡಿ, ಆಮೇಲೆ ಬರೆಯಬೇಕು. ಸಿನಿಮಾ ನೋಡಿ ಬರೆದದ್ದಕ್ಕೂ ಬೆಂಕಿ ನೋಡಿ ಬರೆದದ್ದಕ್ಕೂ ವ್ಯತ್ಯಾಸ ನನಗೆ ಮೊದಲ ಸಾಲಿನಲ್ಲೇ ತಿಳಿಯುತ್ತಿತ್ತು. ಬೆಂಕಿಯ ಶಿಷ್ಯರು ಹನ್ನೊಂದು ಜನರಾದರು. ನಾಗರಾಜ ನನಗೆ ಕುರ್ಚಿಗೊಂದು ದಿಂಬು ತಂದುಕೊಟ್ಟ.

ಅವರಲ್ಲಿ ಒಬ್ಬರ ಹೆಸರು 'ಕಿಡಿ'. ಗಂಡೋ ಹೆಣ್ಣೋ, ಚಿಕ್ಕವರೋ ದೊಡ್ಡವರೋ ನನಗೆ ಗೊತ್ತಿರಲಿಲ್ಲ. ಭಾಷೆ ಮಾತ್ರ ಬಿಜಾಪುರದ ಕಡೆಯದು. ಆಟಕ್ಕೆ ಸೇರಿದ ದಿನ ಪರಿಚಯ ಬರೆಯಬೇಕಲ್ಲ, ಆಗ 'ಸದ್ಯಕ್ಕ ಮತ್ತಿಕೆರಿ, ಹಿಟ್ಟಿನ ಗಿರಣಿ ಮ್ಯಾಲಿನ ಖೋಲಿ' ಎಂದು ಬರೆದಿತ್ತು. ಗೋಣಿಚೀಲದ ಪಾಠಕ್ಕೆ ನಗದೆ ಇದ್ದದ್ದು ಇದೊಂದೇ ಶಿಷ್ಯ. 'ಚೀಲ ಎಷ್ಟ ಹೊತ್ತು ನೆನಿಬೇಕ್ರಿ ಗುರುಗಳ?' ಎಂದು ಕೇಳಿತ್ತು. ಶಾಲೆಯಲ್ಲಿ ನಾನು ಯಾವ ಮೇಷ್ಟ್ರಿಗೂ ಇಂಥ ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ.

ಕೊನೆಯ ಪಾಠ ಬಂತು. ಬೆಂಕಿಯನ್ನು ಎಬ್ಬಿಸುವುದು ಎಲ್ಲ ಗುರುಗಳಿಗೂ ಬರುತ್ತದೆ. ಎಬ್ಬಿಸಿದ್ದನ್ನು ಮಲಗಿಸುವುದು ನನ್ನ ಪಾಠ ಎಂದು ಬೀಗಿ, ಒಂದು ದಿನ ಬೆಳಗ್ಗೆಯೆಲ್ಲ ಕೂತು ಅದನ್ನು ಬರೆದೆ. ಪಾಠದ ಕೊನೆಯ ಸಾಲುಗಳು ನನಗೆ ಬಾಯಿಪಾಠ ಇವೆ. ಮರೆಯಲು ನೋಡಿದ್ದೇನೆ, ಆಗಿಲ್ಲ.

'ಜ್ವಾಲೆಯ ಮೇಲಿಂದ ಕಣ್ಣು ತೆಗೆಯಬೇಡಿ. ಉಸಿರು ಕಟ್ಟಿ. ಅದು ನಿಮ್ಮ ಮಾತು ಕೇಳುತ್ತಿದೆ ಅನ್ನಿಸುವವರೆಗೆ ಕಾಯಿರಿ. ಅನ್ನಿಸಿದ ಕ್ಷಣ, ಹೆದರದೆ, ಒಂದೇ ಸಲಕ್ಕೆ, ದೀಪ ದೊಡ್ಡದು ಮಾಡಿ.'

ಎಂದಿನಂತೆ ನಾಲ್ಕು ಸಲ ಓದಿದೆ. ಅಕ್ಷರ ಒಂದೂ ತಪ್ಪಿರಲಿಲ್ಲ. ಕಳಿಸಿದೆ. ಮಣಿಕಟ್ಟಿನ ಕಲೆ ಇದ್ದದ್ದು ಅದೇ ಕೈಯಲ್ಲಿ. ನಾಲಗೆ ಅಜ್ಜಿಯದು, ಬೆರಳು ನನ್ನದು. ಎರಡಕ್ಕೂ ಅನುಮಾನ ಬರಲಿಲ್ಲ.

ಐದು ನಿಮಿಷಕ್ಕೆ ಕಿಡಿಯ ಪ್ರಶ್ನೆ ಬಂತು: 'ಗುರುಗಳ, ನನ್ನ ಖೋಲ್ಯಾಗ ದೀಪ ಇಲ್ರಿ. ಪಂಪ್ ಸ್ಟೋವ್ ಐತಿ. ನಡೀತದೇನ್ರಿ?'

ನಾನು ಗುರುವಿನ ಗತ್ತಿನಲ್ಲಿ ಉತ್ತರ ಕೊಟ್ಟೆ: 'ಬೆಂಕಿಗೆ ಜಾತಿಯಿಲ್ಲ. ಸ್ಟೋವೂ ಆದೀತು.' ಬರೆದು, ಈ ಸಾಲು ಚೆನ್ನಾಗಿದೆ ಎಂದು ನಾಗರಾಜನಿಗೂ ಓದಿ ಹೇಳಿದೆ. ಆಮೇಲೆ ಮನೆಗೆ ಹೋಗಿ ಉಂಡೆ. ಹುರುಳಿ ಸಾರು. ಉಂಡು ಒಂದು ನಿದ್ದೆಯನ್ನೂ ಮಾಡಿದೆ. ಆ ನಿದ್ದೆಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ವಾಪಸು ಬಂದು ಕೂತಾಗ ಮೂರು ಗಂಟೆ. ಹೊರಗೆ ಆಷಾಢದ ಗಾಳಿ ಅಂಗಡಿಯ ಬೋರ್ಡನ್ನು ಟಪಟಪ ಬಡಿಯುತ್ತಿತ್ತು. ಎರಡು ಹೊಸ ಬರಹ ಬಂದಿದ್ದವು. ಒಂದು, 'ಕೆಂಡ' ಎಂಬ ಶಿಷ್ಯನದು: 'ದೀಪ ದೊಡ್ಡದು ಮಾಡಿ ಅಂದ್ರೆ? ಇನ್ನೂ ಹೆಚ್ಚು ಉರಿಸೋದಾ? ಮನೆ ಸುಟ್ಟೋದ್ರೆ ಗುರುಗಳೇ ಕಟ್ಟಿಸಿಕೊಡ್ತಾರಾ, ಹಹಹಾ.' ಇನ್ನೊಂದು ಅದಕ್ಕಿಂತ ಮೊದಲೇ, ಒಂದು ಗಂಟೆಗೆ ಬಂದದ್ದು. ಕಿಡಿಯದು: 'ಈಗ ಖೋಲಿಗೆ ಹೋಗಿ ಮಾಡಿ ಬರ್ತೀನ್ರಿ. ನೀವು ಹೇಳಿಧಂಗ ಒಂದ ಸಲಕ್ಕ ದೊಡ್ಡದು ಮಾಡ್ತೀನಿ. ಅರ್ಧ ತಾಸಿನ್ಯಾಗ ಬಂದು ಬರೀತೀನಿ.'

ಆಮೇಲೆ ಕಿಡಿಯಿಂದ ಏನೂ ಬಂದಿರಲಿಲ್ಲ.

ಮೊದಲು ನನಗೆ ಅರ್ಥವೇ ಆಗಲಿಲ್ಲ. ಕೆಂಡನ ನಗುವನ್ನು ಇನ್ನೊಮ್ಮೆ ಓದಿದೆ. ನಂತರ ನನ್ನ ಸಾಲನ್ನು ನಾನೇ, ಗುರುತಿಲ್ಲದವನ ಸಾಲು ಎಂಬಂತೆ ಓದಿದೆ. ಆಗ ಕಿವಿಯಲ್ಲಿ ಆ ಶಬ್ದ ಕೇಳಿತು, ಹೊಸ ಬಟ್ಟೆ ಹರಿದ ಶಬ್ದ. ಬಿಜಾಪುರದ ಕಡೆಯವರು ದೀಪವನ್ನು ದೊಡ್ಡದು ಮಾಡುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಅದೂ ದೀಪವಲ್ಲ, ಪಂಪ್ ಸ್ಟೋವ್. ದೊಡ್ಡದು ಮಾಡುವುದೆಂದರೆ ಪಂಪು ಹೊಡೆಯುವುದು. ಒಂದೇ ಸಲಕ್ಕೆ. ಕಣ್ಣು ತೆಗೆಯದೆ, ಅಂದರೆ ಮುಖವನ್ನು ಹತ್ತಿರ ಇಟ್ಟುಕೊಂಡು. ಹೆದರದೆ. ಒಂದೊಂದು ಮಾತನ್ನೂ ನಾನೇ ಆರಿಸಿ ಇಟ್ಟಿದ್ದೆ.

ಓಡಿಹೋದೆ ಎಂದು ಬರೆಯಲು ಆಸೆ. ಆದರೆ ನಾನು ಮೊದಲು ಮಾಡಿದ್ದು ಅದಲ್ಲ. ಆ ಸಾಲನ್ನು ಅಳಿಸಲು ಹೋದೆ. ಅಳಿಸಿದರೆ ನಾನು ಬರೆದೆ ಎನ್ನುವುದಕ್ಕೆ ಗುರುತೇ ಇರುವುದಿಲ್ಲ. ಮೌಸಿನ ಬಾಣ ಅಳಿಸುವ ಗುಂಡಿಯ ಮೇಲೆ ಬಂದು ನಿಂತಿತ್ತು. ಅಷ್ಟರಲ್ಲಿ ನಾಗರಾಜ ಹಿಂದಿನಿಂದ ಬಂದ.

"ಏನಣ್ಣಾ, ಮುಖ ಬಿಳುಚ್ಕೊಂಡಿದೆ?"

ಹೇಳಿದೆ. ಅವನು ಓದಿದ. ಅವನೂ ನಮ್ಮ ಕಡೆಯವನೇ, ಬೆಳಗ್ಗೆ ಓದಿದಾಗ ಅವನಿಗೂ ಏನೂ ಅನ್ನಿಸಿರಲಿಲ್ಲ.

"ಊಟಕ್ಕೆ ಹೋಗಿರ್ಬೇಕು ಬಿಡಿ. ಬರೀತಾರೆ."

"ಅರ್ಧ ತಾಸು ಅಂದಿದಾರೆ. ಎರಡು ಗಂಟೆ ಹೊತ್ತಾಯ್ತು."

"ಕರೆಂಟ್ ಹೋಗಿರ್ಬೋದು."

"ನಾಗರಾಜ, ಫೋನ್ ನಂಬರ್ ಇದೆಯಾ?"

"ಹೆಸರೇ ಗೊತ್ತಿಲ್ಲ ಅಣ್ಣಾ. ಕಿಡಿ ಅಂತ ಅಷ್ಟೇ."

ಬಾಣವನ್ನು ಅಲ್ಲೇ ಬಿಟ್ಟು ಎದ್ದೆ. ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ ಎಂದು ಗೊತ್ತಾದದ್ದು ಆಟೋ ಹತ್ತಿದ ಮೇಲೆ. ಹಾಕಿಕೊಂಡಿದ್ದೆ, ಒಂದು ನನ್ನದು, ಒಂದು ನಾಗರಾಜನದು.

ಚಾಮರಾಜಪೇಟೆಯಿಂದ ಮತ್ತಿಕೆರೆ ಎಷ್ಟು ದೂರ ಎಂದು ಆವತ್ತಿನವರೆಗೆ ನನಗೆ ಗೊತ್ತಿರಲಿಲ್ಲ. ಮೆಜೆಸ್ಟಿಕ್ಕಿನಲ್ಲಿ ಆಟೋ ನಿಂತಿತು. ಮುಂದೆ ಬಸ್ಸು, ಹಿಂದೆ ಬಸ್ಸು. ಒಂದು ಕಡೆ ಕಡಲೆಕಾಯಿ ಹುರಿಯುವವನ ಬಾಣಲೆಯ ಕೆಳಗೆ ಉರಿ ಗಾಳಿಗೆ ನೆಲದುದ್ದಕ್ಕೂ ನಾಲಗೆ ಚಾಚುತ್ತಿತ್ತು. ಆ ಕಡೆ ನೋಡಲಾಗದೆ ತಲೆ ತಿರುಗಿಸಿದೆ. ದೇವರಿಗೆ ಹರಕೆ ಹೊರೋಣ ಎಂದರೆ ನೆನಪಿಗೆ ಬಂದದ್ದೆಲ್ಲ ದೀಪದ ಹರಕೆಗಳೇ.

ಮಲ್ಲೇಶ್ವರಂ ಸರ್ಕಲ್ ಹತ್ತಿರ ಹಿಂದಿನಿಂದ ಗಂಟೆಯ ಸದ್ದು ಬಂತು. ಆಟೋದವನು ಎಡಕ್ಕೆ ಒತ್ತಿಕೊಂಡ. ಕೆಂಪು ಬಣ್ಣದ ಅಗ್ನಿಶಾಮಕದ ಗಾಡಿ ನಮ್ಮ ಪಕ್ಕದಲ್ಲೇ ಹಾದು ಮುಂದೆ ಹೋಯಿತು.

"ಎಲ್ಲೋ ಹೊತ್ಕೊಂಡಿರ್ಬೇಕು ಸಾರ್" ಎಂದ ಆಟೋದವನು. "ಈ ಗಾಳೀಲಿ ಹೊತ್ಕೊಂಡ್ರೆ ಮುಗೀತು ಕತೆ."

"ಬಿಡ್ತು ಅನ್ನಪ್ಪಾ!" ಎಂದು ಕಿರುಚಿದೆ.

ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಬಿಡ್ತು ಸಾರ್, ಬಿಡ್ತು" ಎಂದ. ಆಮೇಲೆ ಮೆಲ್ಲಗೆ, "ನಿಮ್ಮೋರ್ಯಾರಾದ್ರೂ ಇದಾರಾ ಸಾರ್ ಅಲ್ಲಿ?" ಎಂದು ಕೇಳಿದ.

ನಮ್ಮೋರು. ಏನೆಂದು ಹೇಳಲಿ? ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ. "ಇದಾರೆ" ಎಂದೆ.

ಹದಿನೆಂಟನೇ ಕ್ರಾಸಿನವರೆಗೂ ಆ ಗಂಟೆ ನಮ್ಮ ಮುಂದೆಯೇ ಇತ್ತು. ಯಶವಂತಪುರದ ಸರ್ಕಲ್ಲಿನಲ್ಲಿ ಅದು ಬಲಕ್ಕೆ ಹೋಗುತ್ತದೋ ಎಡಕ್ಕೆ ಹೋಗುತ್ತದೋ ಎಂದು ಆಟೋದಿಂದ ತಲೆ ಹೊರಗೆ ಹಾಕಿ ನೋಡಿದೆ. ಎಡಕ್ಕೆ ಹೋಯಿತು. ನಾವು ಬಲಕ್ಕೆ. ಬೇರೆ ಯಾರದೋ ಮನೆಗೆ ಬೆಂಕಿ ಬಿದ್ದಿದೆ ಎಂದು ನನಗೆ ಸಮಾಧಾನವಾಯಿತು. ಮನುಷ್ಯ ಎಷ್ಟು ಕೆಟ್ಟವನು ಎನ್ನುವುದು ಇಂಥ ತಿರುವುಗಳಲ್ಲಿ ತಿಳಿಯುತ್ತದೆ. ಮರುಕ್ಷಣವೇ, ಗಾಡಿ ಬಂದಿಲ್ಲ ಎಂದರೆ ಯಾರೂ ಅದಕ್ಕೆ ಫೋನ್ ಮಾಡಿಲ್ಲ ಎಂದಷ್ಟೇ ಅರ್ಥ ಅನ್ನಿಸಿ, ಆ ಸಮಾಧಾನವೂ ಹೋಯಿತು.

ಮತ್ತಿಕೆರೆಯಲ್ಲಿ ಮೂರು ಹಿಟ್ಟಿನ ಗಿರಣಿ. ಮೊದಲೆರಡರ ಮೇಲೆ ರೂಮೇ ಇರಲಿಲ್ಲ. ಮೂರನೆಯದರ ಮುಂದೆ ನಾಲ್ಕೈದು ಜನ ನಿಂತು ಮೇಲಕ್ಕೆ ನೋಡುತ್ತಿದ್ದರು. ಮೇಲಿನ ಕಿಟಕಿಯ ನೆತ್ತಿಯಲ್ಲಿ ಗೋಡೆ ಕಪ್ಪಾಗಿತ್ತು. ಹೊಗೆಯ ನಾಲಗೆ ನೆಕ್ಕಿದ ಹಾಗೆ, ಉದ್ದಕ್ಕೆ. ಸೀದ ಕೂದಲಿನ ವಾಸನೆ ಬೀದಿಯವರೆಗೂ ಬರುತ್ತಿತ್ತು. ಆ ವಾಸನೆ ನನಗೆ ಗೊತ್ತು. ಆಟೋದ ಕಂಬಿ ಹಿಡಿದು ನಿಂತೆ.

ಮೈತುಂಬ ಹಿಟ್ಟು ಮೆತ್ತಿಕೊಂಡ ಗಿರಣಿಯ ಯಜಮಾನ ನನ್ನನ್ನು ನೋಡಿದ. "ಯಾರು ಬೇಕಿತ್ತು?"

"ಮೇಲಿನ ರೂಮಿನಲ್ಲಿ… ಕಿಡಿ…"

"ಕಿಡೀನಾ? ಕಿಡಿಯೆಲ್ಲ ಮುಗೀತು, ಈಗ ಬರೀ ಮಸಿ. ನೀವ್ಯಾರು?"

"ನಾನು ಅವರ ಗುರು."

"ಏನ್ ಕಲಿಸ್ತೀರಾ?"

ಸುಳ್ಳು ಹೇಳಬಹುದಿತ್ತು. "ಬೆಂಕಿ" ಎಂದೆ.

ಅವನು ಎರಡೂ ಕೈಯನ್ನು ಸೊಂಟದ ಮೇಲಿಟ್ಟುಕೊಂಡ. "ಓಹೋ! ನೀವೇನಾ ಅದು? ಬನ್ನಿ ಸ್ವಾಮಿ, ಬನ್ನಿ. ನಿಮ್ಮನ್ನೇ ಕಾಯ್ತಿದ್ದೆ. ಕೆಳಗೆ ನೂರು ಮೂಟೆ ಗೋಧಿ ಇದೆ, ಪಕ್ಕದಲ್ಲಿ ನನ್ನ ಹೆಂಡ್ತಿ ಮಕ್ಕಳು ಮಲಗ್ತಾರೆ. ಬುದ್ಧಿ ಇದೆಯೇನ್ರೀ ನಿಮಗೆ? ಯಾವ ಸ್ಕೂಲಲ್ಲಿ ಓದಿದ್ರೀ?"

ಇಪ್ಪತ್ತೈದು ವರ್ಷ ನಾನು ತಪ್ಪಿಸಿಕೊಂಡು ಓಡಾಡಿದ ಪ್ರಶ್ನೆ. ಆವತ್ತು ಅದು ನನಗೆ ತಾಕಲೇ ಇಲ್ಲ. "ಏಳನೇ ಕ್ಲಾಸು" ಎಂದೆ. "ಬದುಕಿದಾರಾ, ಅದು ಹೇಳಿ."

ಅವನ ಕೈ ಸೊಂಟದಿಂದ ಇಳಿಯಿತು. ಮೆಟ್ಟಿಲ ಕಡೆ ತಿರುಗಿ ಕೂಗಿದ: "ಅಮ್ಮಾ ರೇಣುಕಾ! ನಿಮ್ಮ ಗುರುಗಳು ಬಂದಿದಾರಮ್ಮ. ಬೀಳೋ ಹಾಗಿದಾರೆ, ನೀರು ತಗೊಂಡ್ ಬಾ."

ಮೆಟ್ಟಿಲಿಳಿದು ಬಂದದ್ದು ಇಪ್ಪತ್ತರ ಆಸುಪಾಸಿನ ಒಬ್ಬಳು ಹುಡುಗಿ. ಕೈಯಲ್ಲಿ ಚೊಂಬು. ಒಂದು ಹುಬ್ಬು ಪೂರ್ತಿ ಇಲ್ಲ. ಹಣೆಯ ಮೇಲಿನ ಕೂದಲು ಸುಟ್ಟು ಗುಂಗುರಾಗಿತ್ತು. ಬಲಗೈ ಬೆರಳಿಗೆ ಒದ್ದೆ ಬಟ್ಟೆ ಸುತ್ತಿಕೊಂಡಿದ್ದಳು. ಮುಖ, ಕಣ್ಣು, ಎಲ್ಲ ಇದ್ದವು. ನಾನು ಎಣಿಸಿದವನ ಹಾಗೆ ಒಂದೊಂದನ್ನೇ ನೋಡಿದೆ.

"ಬರ್ರಿ ಗುರುಗಳ" ಎಂದಳು. "ನೀವು ಮುದುಕರು ಇರ್ತೀರಿ ಅಂದ್ಕೊಂಡಿದ್ನಿ."

ನಾನು ಗಿರಣಿಯ ಕಟ್ಟೆಯ ಮೇಲೆ ಕೂತೆ. ನೀರು ಕುಡಿದೆ. ಅರ್ಧ ಅಂಗಿಯ ಮೇಲೆ ಚೆಲ್ಲಿತು.

"ಏನಾಯ್ತಮ್ಮ?"

"ನೀವು ಹೇಳಿಧಂಗ ಮಾಡಿದ್ನಿರಿ. ಕಣ್ಣ ತಗೀಲಿಲ್ಲ. ಉಸರ ಹಿಡದ್ನಿ. ನನ್ನ ಮಾತ ಕೇಳ್ತೈತಿ ಅನಸ್ತು. ಆವಾಗ ಪಂಪ್ ಹೊಡದ್ನಿ. ಒಂದ ಸಲಕ್ಕ, ಹತ್ತು ಹನ್ನೆರಡು. ಭಗ್ ಅಂತ ಎದ್ದು ಕಿಟಕಿ ಪಡದೆ ಹಿಡೀತು. ನನಗ ಕಾಲ ಏಳವಲ್ದು. ಕೂಗಾಕೂ ದನಿ ಇಲ್ಲ." ಅವಳು ಬಟ್ಟೆ ಸುತ್ತಿದ ಬೆರಳಿನಿಂದ ಎಡಕ್ಕೆ ತೋರಿಸಿದಳು. "ಕೈ ತಾನಾಗೇ ಎಡಕ್ಕ ಹೋತು ನೋಡ್ರಿ. ಚೀಲ ಇತ್ತು."

"ಯಾವ ಚೀಲ?"

"ಗೋಣಿಚೀಲರಿ. ನಿಮ್ಮ ಮೊದಲನೇ ಪಾಠ. ನೆನಸಿ ಎಡಗೈ ಬಾಜೂಕ ಇಟ್ಕೊಳ್ಳದವರು ಶಿಷ್ಯರಲ್ಲ ಅಂದಿದ್ರಲ್ಲ. ಸ್ಟೋವ್ ಮ್ಯಾಲ ಒಗದ್ನಿ, ಆಮ್ಯಾಲ ಪಡದೆಗೆ ಬಡದ್ನಿ."

ಗಿರಣಿಯ ಯಜಮಾನ ಪಕ್ಕದಿಂದ, "ಚೀಲ ನಂದೇ. ಗೋಧಿ ಚೀಲ. ಬೆಳಿಗ್ಗೆ ಯಾತಕ್ಕಮ್ಮ ಅಂದ್ರೆ ವಿದ್ಯೆಗೆ ಅಂದಳು" ಎಂದ.

ನನಗೆ ಅಳು ಬರುವುದರಲ್ಲಿತ್ತು. ಮೀಸೆ ಒರೆಸಿಕೊಳ್ಳುವ ಹಾಗೆ ಮಾಡಿದೆ. ರೇಣುಕಾ ಮೆಲ್ಲಗೆ ಕೇಳಿದಳು.

"ಗುರುಗಳ, ಅದು ಮಲಗಿಸೋ ಪಾಠ ಅಲ್ಲೇನ್ರಿ? ದೊಡ್ಡದು ಮಾಡ್ರಿ ಅಂತ ಯಾಕ ಬರದ್ರಿ?"

ಹೇಳಿದೆ. ಅಜ್ಜಿ, ಅಪಶಕುನ, ತುಂಬಿದ ಅಕ್ಕಿ, ಎಲ್ಲ. ವಾಚು ಬಿಚ್ಚಿ ಮಣಿಕಟ್ಟಿನ ಕಲೆಯನ್ನೂ ತೋರಿಸಿದೆ. ಹೆಂಡತಿಗೆ ಹೇಳದ ಮಾತನ್ನೂ, ನನಗೆ ಬೆಂಕಿ ಕಂಡರೆ ಭಯ ಎಂಬುದನ್ನೂ ಆ ಗಿರಣಿಯ ಕಟ್ಟೆಯ ಮೇಲೆ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಅವಳು ಇಲ್ಲದ ಹುಬ್ಬನ್ನು ಏರಿಸಿ ಕೇಳಿಸಿಕೊಂಡಳು.

"ನಮ್ಮ ಕಡೆ ಶಾಂತ ಮಾಡು ಅಂತಾರ್ರಿ" ಎಂದಳು. ಆಮೇಲೆ, "ಮತ್ತ… ನಾ ಪಾಸ್ ಆದ್ನೇನ್ರಿ?"

ಎದ್ದು, ಆ ಹುಡುಗಿಗೆ ಕೈ ಮುಗಿದೆ. ಗುರುವಾಗಿ ನಾನು ಮಾಡಿದ ಕೊನೆಯ ಕೆಲಸ ಅದು ಎಂದುಕೊಂಡಿದ್ದೆ.

ಆದರೆ ಇನ್ನೊಂದು ಉಳಿದಿತ್ತು. ಚಾಮರಾಜಪೇಟೆಗೆ ವಾಪಸು ಬಂದು, ನಾಗರಾಜನ ಚಪ್ಪಲಿ ನಾಗರಾಜನಿಗೆ ಕೊಟ್ಟು, ಕಂಪ್ಯೂಟರಿನ ಮುಂದೆ ಕೂತೆ. ಬಾಣ ಇನ್ನೂ ಅಳಿಸುವ ಗುಂಡಿಯ ಮೇಲೇ ಇತ್ತು. ಅದನ್ನು ಪಕ್ಕಕ್ಕೆ ಸರಿಸಿದೆ. ಆ ಸಾಲನ್ನು ಹಾಗೇ ಬಿಟ್ಟು, ಅದರ ಕೆಳಗೆ ಬರೆದೆ: 'ಮೇಲಿನ ಮಾತು ನನ್ನ ತಪ್ಪು. ದೊಡ್ಡದು ಮಾಡಬೇಡಿ. ದೀಪ ಆರಿಸಿ.' ಕೊನೆಯ ಆ ಪದಕ್ಕೆ ಬಂದಾಗ ಬೆರಳು ಗುಂಡಿಯ ಮೇಲೆ ಇಳಿಯಲೇ ಒಲ್ಲದು. ಹುಟ್ಟಿದಾಗಿನಿಂದ ನಾನು ಆ ಮಾತನ್ನು ದೀಪದ ಜೊತೆ ಸೇರಿಸಿ ಆಡಿದವನಲ್ಲ. ಎಲ್ಲೋ ಏನೋ ಕೆಡುತ್ತದೆ ಎನ್ನುವ ಹೆದರಿಕೆ. ಅಜ್ಜಿ ಬೆನ್ನ ಹಿಂದೆ ನಿಂತ ಹಾಗೆ. ಒಂದೊಂದೇ ಅಕ್ಷರ ಒತ್ತಿದೆ. ಅದನ್ನು ಮಾತ್ರ ನಾಲ್ಕು ಸಲ ಓದಲಿಲ್ಲ.

ಮಾರನೆಯ ದಿನ ಕಿಡಿ ನಡೆದದ್ದನ್ನೆಲ್ಲ ಬರೆದಿದ್ದಳು. ಅದರ ಕೆಳಗೆ ಉಳಿದ ಹತ್ತು ಶಿಷ್ಯರೂ ಬರೆದಿದ್ದರು, ತಾವು ಎಡಗೈ ಪಕ್ಕದಲ್ಲಿ ಗೋಣಿಚೀಲ ಇಟ್ಟುಕೊಂಡಿದ್ದೇವೆ ಎಂದು. ಯಾರೂ ನಕ್ಕಿರಲಿಲ್ಲ. ಕೆಂಡ ಕೂಡ.

ಶ್ರಾವಣ ಬಂತು, ಮದುವೆಗಳು ಶುರುವಾದವು, ನಾನು ಒಲೆಯ ಮುಂದೆ ಹೋದೆ. ಪಂಚಭೂತಗಳು ನಾಗರಾಜನ ಸೈಬರ್ ಸೆಂಟರಿನ ಜೊತೆಗೇ ಮುಚ್ಚಿದವು. ಈಗ ಅಲ್ಲಿ ಮೊಬೈಲ್ ರಿಪೇರಿ.

ನಿನ್ನೆಯ ದೀಪದ ವಿಷಯ ಅರ್ಧಕ್ಕೆ ಬಿಟ್ಟೆ, ಅಲ್ಲವೇ? ಗಿರಿಜಾ ಮತ್ತೊಮ್ಮೆ ಕೂಗಿದಳು: "ಏನ್ರೀ, ಮಾಡಿದ್ರಾ?"

ದೀಪವನ್ನು ಬಾಯಿಂದ ಊದಬಾರದು, ಉಸಿರು ಎಂಜಲು. ಗಿರಿಜಾಳ ಮುಡಿಯಿಂದ ಉದುರಿದ್ದ ಒಂದು ಸೇವಂತಿಗೆಯನ್ನು ತೆಗೆದುಕೊಂಡು ಬತ್ತಿಯ ಮೇಲೆ ಮೆಲ್ಲಗೆ ಒತ್ತಿದೆ.

"ಆರಿಸ್ದೆ ಕಣೇ" ಎಂದೆ.

"ಅಯ್ಯೋ, ಬಿಡ್ತು ಅನ್ರೀ! ವಯಸ್ಸಾಗ್ತಾ ಆಗ್ತಾ ಏನ್ ಮಾತೋ ನಿಮ್ಮದು!"

"ಬಿಡ್ತು" ಎಂದೆ, ಅವಳ ಸಮಾಧಾನಕ್ಕೆ. ಹೂವನ್ನು ಎತ್ತಿ ನೋಡಿದೆ. ಬತ್ತಿಯ ತುದಿಯಲ್ಲಿ ಒಂದು ಕೆಂಪು ಚುಕ್ಕೆ ಇನ್ನೂ ಉಳಿದಿತ್ತು. ಅದು ಪೂರ್ತಿ ಕಪ್ಪಾಗುವವರೆಗೆ ಕಣ್ಣು ತೆಗೆಯದೆ ಅಲ್ಲೇ ಕೂತೆ.